ಕಣದ ಮೌನ, ಕಾಟಾದ ಮಾತು: ಚಿಕ್ಕೋಡಿ ಸೀಮೆಯ ರೈತರ ಮೊಬೈಲ್ ಕಥನಗಳು

ಉತ್ತರ ಕರ್ನಾಟಕದ ಜೋಳದ ಕಣದಲ್ಲಿ ರಾಶಿ ಅಳೆಯುವ ಹೊತ್ತೆಂದರೆ ಮಾತಿಗೆ ಕಟ್ಟುಪಾಡುಗಳಿರುವ ಹೊತ್ತು. ಕಣದೊಳಗೆ ಚಪ್ಪಲಿ ಮೆಟ್ಟಿ ಬರುವಂತಿಲ್ಲ. ಅಳೆಯುವವನು ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಾನೆ. ಎಷ್ಟು ಚೀಲವಾಯಿತೆಂದು ದಾರಿಹೋಕರು ಕೇಳುವುದಾಗಲಿ, ಕೇಳಿದವರಿಗೆ ರೈತ ನೇರವಾಗಿ ಲೆಕ್ಕ ಒಪ್ಪಿಸುವುದಾಗಲಿ ರೂಢಿಯಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ, ಹುಲುಸು ಹೋಗುತ್ತದೆ ಎಂಬುದು ನಂಬಿಕೆ. ಹಾಡು ಮಾತ್ರ ಧಾರಾಳವಾಗಿತ್ತು. ಮೇಟಿಯ ಸುತ್ತ ಎತ್ತುಗಳು ತಿರುಗುವಾಗ ರಾತ್ರಿಯಿಡೀ ನಡೆಯುತ್ತಿದ್ದ ಹಂತಿಯ ಹಾಡುಗಳಲ್ಲಿ ಎತ್ತಿನ ಹೊಗಳಿಕೆಯಿದೆ, ರಾಶಿಯ ಸಮೃದ್ಧಿಯಿದೆ, ಶರಣರ ಹಾಗೂ ವೀರರ ಕಥೆಗಳಿವೆ. ಬೀಜಕ್ಕೆ ಎಷ್ಟು ಬಿತ್ತು, ಸಾಲ ಎಷ್ಟು ಉಳಿಯಿತು ಎಂಬ ಲೆಕ್ಕ ಅಲ್ಲಿ ಕಾಣುವುದು ಅಪರೂಪ.

ಅದೇ ಸೀಮೆಯ ರೈತ ಈಗ ಕಬ್ಬಿನ ಹೊಲದ ಬದುವಿನಲ್ಲಿ ಮೊಬೈಲನ್ನು ಮುಂದೆ ಹಿಡಿದು ನಿಂತು, ಎಕರೆಗೆ ಬಂದ ಟನ್ನು, ಗೊಬ್ಬರಕ್ಕೆ ಕೊಟ್ಟ ಹಣ, ಕಟಾವಿನ ಟೋಳಿಗೆ ತೆತ್ತದ್ದು, ಕಾರ್ಖಾನೆಯಿಂದ ಬರಬೇಕಾದ ಬಾಕಿ ಇವಿಷ್ಟನ್ನೂ ಎರಡು ನಿಮಿಷಗಳಲ್ಲಿ ಹೇಳಿ ಊರು, ತಾಲ್ಲೂಕು, ರಾಜ್ಯವೆನ್ನದೆ ಹಂಚುತ್ತಾನೆ. ಮುಚ್ಚಿಡಬೇಕಾಗಿದ್ದ ಲೆಕ್ಕವೇ ಇಲ್ಲಿ ಕಥನದ ಜೀವಾಳವಾಗಿದೆ. ಇದನ್ನು ಕೇವಲ ತಂತ್ರಜ್ಞಾನದ ಪರಿಣಾಮವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಮೊಬೈಲ್ ಮಾತನಾಡುವ ಸಲಕರಣೆಯನ್ನಷ್ಟೇ ಕೊಟ್ಟಿತು. ತಲೆಮಾರುಗಳಿಂದ ಮಾತನಾಡದಿದ್ದ ವಿಷಯವನ್ನೇ ರೈತ ಏಕೆ ಮಾತನಾಡತೊಡಗಿದ ಎಂಬ ಪ್ರಶ್ನೆಗೆ ಸಲಕರಣೆಯಲ್ಲಿ ಉತ್ತರವಿಲ್ಲ.

ಜಾನಪದ ಅಧ್ಯಯನಕ್ಕೆ ಇದು ಹೊರಗಿನ ಪ್ರಶ್ನೆಯೂ ಅಲ್ಲ. ಡಾನ್ ಬೆನ್-ಆಮೋಸ್ 1971ರಲ್ಲಿಯೇ ಜಾನಪದವನ್ನು ಸಣ್ಣ ಗುಂಪುಗಳೊಳಗಿನ ಕಲಾತ್ಮಕ ಸಂವಹನವೆಂದು ನಿರ್ವಚಿಸಿ, ಹಳೆಯದಾಗಿರಬೇಕು, ಬಾಯಿಂದ ಬಾಯಿಗೆ ಬಂದಿರಬೇಕು ಎಂಬ ಷರತ್ತುಗಳನ್ನು ಸಡಿಲಿಸಿದ. ಅಲನ್ ಡಂಡೆಸ್ 1970ರ ದಶಕದಲ್ಲಿ ಕಚೇರಿಗಳ ನೆರಳಚ್ಚು ಕಾಗದಗಳಲ್ಲಿ ಹರಿದಾಡುತ್ತಿದ್ದ ನಗೆಮಾತುಗಳನ್ನು ಸಂಗ್ರಹಿಸಿದ. ಟ್ರೆವರ್ ಬ್ಲ್ಯಾಂಕ್ ಸಂಪಾದಿಸಿದ ‘ಫೋಕ್‌ಲೋರ್ ಅಂಡ್ ದಿ ಇಂಟರ್ನೆಟ್’ 2009ರಲ್ಲಿ ಬಂದಿತು. ಆದರೂ ಕನ್ನಡದಲ್ಲಿ ರೈತರ ಈ ಕಥನಗಳನ್ನು ಮಾಧ್ಯಮ ಅಧ್ಯಯನದ ಇಲ್ಲವೇ ಕೃಷಿ ವಿಸ್ತರಣೆಯ ಪಾಲಿಗೆ ಬಿಟ್ಟುಕೊಡುವ ಪ್ರವೃತ್ತಿ ಕಾಣುತ್ತದೆ. ಅವರ ಕೈಯಲ್ಲಿ ಅವು ‘ಮಾಹಿತಿ’ಯಾಗುತ್ತವೆ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ, ಯಾವ ಕಟ್ಟುಪಾಡನ್ನು ಮೀರಿ ಹೇಳುತ್ತಿದ್ದಾರೆ ಎಂಬ ಜಾನಪದದ ಪ್ರಶ್ನೆಗಳು ಕೇಳದೆಯೇ ಉಳಿಯುತ್ತವೆ.

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಂಥ ಊರಿನಿಂದ ನೋಡಿದಾಗ ಈ ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕೃಷ್ಣೆ, ದೂಧಗಂಗಾ, ವೇದಗಂಗೆಯರ ನೀರನ್ನು ನೆಚ್ಚಿದ ಸೀಮೆ. ಜೋಳ, ಶೇಂಗಾ, ತಂಬಾಕುಗಳ ನೆಲದಲ್ಲಿ ನೀರಾವರಿ ಹಬ್ಬಿದಂತೆ ಕಬ್ಬು ಹಬ್ಬಿತು. ಸಹಕಾರಿ ಮತ್ತು ಖಾಸಗಿ ಸಕ್ಕರೆ ಕಾರ್ಖಾನೆಗಳು ಈ ಭಾಗದ ಊರೂರಿನ ರಾಜಕಾರಣವನ್ನೂ ಮದುವೆಯ ಕಾಲವನ್ನೂ ನಿರ್ಧರಿಸುವ ಮಟ್ಟಕ್ಕೆ ಬೆಳೆದವು. ಈ ಬದಲಾವಣೆಯ ಒಂದು ಅಂಶವನ್ನು ಜಾನಪದ ವಿದ್ವಾಂಸರು ಅಷ್ಟಾಗಿ ಗಮನಿಸಿಲ್ಲ: ಕಬ್ಬಿಗೆ ಕಣವಿಲ್ಲ. ಜೋಳದ ರಾಶಿ ರೈತನ ಕಣ್ಣೆದುರಿಗೇ ಆಗುತ್ತದೆ, ಅವನ ಕೈಯ ಅಳತೆಯಲ್ಲಿಯೇ ಎಣಿಕೆಗೆ ಸಿಗುತ್ತದೆ. ಆಯಗಾರರಿಗೆ ಕೊಡುವುದೂ ದೇವರಿಗೆ ಮೀಸಲಿಡುವುದೂ ಅಲ್ಲಿಯೇ. ಕಬ್ಬಾದರೋ ಕಡಿದ ದಿನವೇ ಟ್ರ್ಯಾಕ್ಟರ್ ಏರಿ ಕಾರ್ಖಾನೆಗೆ ಹೋಗುತ್ತದೆ. ಅದರ ತೂಕ ಆಗುವುದು ಕಾರ್ಖಾನೆಯ ಕಾಟಾದಲ್ಲಿ. ಅದರ ಸಕ್ಕರೆ ಇಳುವರಿಯನ್ನು ನಿರ್ಧರಿಸುವುದು ಕಾರ್ಖಾನೆಯ ಪ್ರಯೋಗಶಾಲೆ. ರಾಶಿ ಎಂಬುದನ್ನು ಕಬ್ಬಿನ ರೈತ ಎಂದೂ ಕಾಣುವುದೇ ಇಲ್ಲ. ಅವನಿಗೆ ಸಿಗುವುದು ಒಂದು ಚೀಟಿ.

ಅಳತೆ ತನ್ನ ಕೈಯಲ್ಲಿದ್ದಾಗ ಮೌನ ರೈತನ ಹುಲುಸನ್ನು ಕಾಯುತ್ತಿತ್ತು. ಅಳತೆ ಮತ್ತೊಬ್ಬರ ಕೈಗೆ ಹೋದ ಮೇಲೆ ಅದೇ ಮೌನ ಕಾಯುವುದು ಆ ಮತ್ತೊಬ್ಬರನ್ನು. ಕಣದ ಕಟ್ಟುಪಾಡು ಮುರಿದುಬಿದ್ದ ಕಾರಣವನ್ನು ಇಲ್ಲಿ ಹುಡುಕಬೇಕೇ ಹೊರತು ‘ಆಧುನಿಕತೆಯಿಂದ ನಂಬಿಕೆಗಳು ಶಿಥಿಲಗೊಂಡವು’ ಎಂಬ ಸಿದ್ಧ ವಾಕ್ಯದಲ್ಲಿ ಅಲ್ಲ. ಹಾಗೆ ಶಿಥಿಲಗೊಂಡಿದ್ದರೆ ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲುವುದು ನಿಂತುಹೋಗಬೇಕಿತ್ತು. ಅದು ನಡೆದೇ ಇದೆ. ಅದರ ವಿಡಿಯೊಗಳೂ ಹಂಚಿಕೆಯಾಗುತ್ತವೆ. ಒಬ್ಬನೇ ರೈತ ಚರಗದ ದಿನ ಸಮೃದ್ಧಿಯ ಭಾಷೆಯಲ್ಲಿಯೂ ಕಾಟಾದ ಮುಂದೆ ಲೆಕ್ಕದ ಭಾಷೆಯಲ್ಲಿಯೂ ಮಾತನಾಡುತ್ತಾನೆ, ಎರಡರಲ್ಲಿಯೂ ಪ್ರಾಮಾಣಿಕನಾಗಿರುತ್ತಾನೆ.

ಲೆಕ್ಕದ ಭಾಷೆಯ ತಿರುಳನ್ನು ತಿಳಿಯಲು ಕಬ್ಬಿನ ದರದ ವ್ಯವಸ್ಥೆಯ ಪರಿಚಯ ಅಗತ್ಯ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಂದಾಯವಾಗಬೇಕು. 2009ರ ತಿದ್ದುಪಡಿಯ ನಂತರ ಕೇಂದ್ರ ಸರ್ಕಾರ ‘ನ್ಯಾಯಯುತ ಮತ್ತು ಲಾಭದಾಯಕ ದರ’ವನ್ನು, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಆರ್‌ಪಿಯನ್ನು, ಪ್ರತಿ ಹಂಗಾಮಿಗೆ ಗೊತ್ತುಪಡಿಸುತ್ತ ಬಂದಿದೆ. 2025–26ರ ಹಂಗಾಮಿಗೆ ಅದು ಶೇಕಡಾ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550 ರೂಪಾಯಿ. ಆದರೆ ಇದು ಕಾರ್ಖಾನೆಯ ಬಾಗಿಲಿನ ದರ. ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಇದರಲ್ಲಿ ಕಳೆಯಲಾಗುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ದರಕ್ಕೂ ಬ್ಯಾಂಕಿನ ಖಾತೆಗೆ ಬಿದ್ದ ಮೊತ್ತಕ್ಕೂ ನಡುವೆ ಇರುವ ಈ ಅಂತರವೇ ರೈತರ ಅಸಂಖ್ಯ ವಿಡಿಯೊಗಳ ವಸ್ತು. ಖಾಸಗಿ ಕಾಟಾದಲ್ಲಿ ಮೊದಲು ತೂಗಿಸಿ, ಆ ಚೀಟಿಯನ್ನು ಕಾರ್ಖಾನೆಯ ಚೀಟಿಯ ಪಕ್ಕಕ್ಕೆ ಹಿಡಿದು ತೋರಿಸುವುದು ಈಗ ಒಂದು ಸಿದ್ಧ ಪ್ರಸಂಗವಾಗಿದೆ. ಕಟಾವಿನ ಸರದಿ ಬಾರದೆ ಹೂ ಬಿಟ್ಟ ಕಬ್ಬು, ವಿದ್ಯುತ್ ತಂತಿಯ ಕಿಡಿಗೆ ಸುಟ್ಟ ಕಬ್ಬು, 2019ರ ಆಗಸ್ಟ್ ಮತ್ತು 2021ರ ಜುಲೈನ ನೆರೆಯಲ್ಲಿ ನದಿದಂಡೆಯ ಊರುಗಳಲ್ಲಿ ದಿನಗಟ್ಟಲೆ ನೀರಿನಲ್ಲಿ ನಿಂತ ಕಬ್ಬು ಉಳಿದ ಪ್ರಸಂಗಗಳು. ಜಾನಪದದ ಪರಿಭಾಷೆಯಲ್ಲಿ ಇವುಗಳನ್ನು ಆಶಯಗಳೆಂದು ಕರೆಯಲು ಅಡ್ಡಿಯಿಲ್ಲ: ನಿರೂಪಕರು ಬದಲಾದರೂ ಇವು ಬದಲಾಗದೆ ಮರಳುತ್ತವೆ.

ಎ.ಕೆ. ರಾಮಾನುಜನ್ ‘ಕನ್ನಡ ಜಾನಪದದ ಎರಡು ಲೋಕಗಳು’ ಎಂಬ ಅರ್ಥದ ತಮ್ಮ ಇಂಗ್ಲಿಷ್ ಪ್ರಬಂಧದಲ್ಲಿ ಸಂಗಂ ಕಾವ್ಯದ ಅಕಂ–ಪುರಂ ವಿಭಜನೆಯನ್ನು ಕನ್ನಡದ ಕಥೆಗಳಿಗೆ ಅನ್ವಯಿಸಿದರು. ಅಡುಗೆಮನೆಯಲ್ಲಿ ಅಜ್ಜಿ ಹೇಳುವ, ಹೆಸರಿಲ್ಲದ ಪಾತ್ರಗಳ ಕಥೆ ಅಕಂ. ಬಯಲಿನಲ್ಲಿ ಗಾಯಕ ಹಾಡುವ, ಊರು-ಹೆಸರುಗಳುಳ್ಳ ಕಥೆ ಪುರಂ. ಈ ಚೌಕಟ್ಟಿನಲ್ಲಿಟ್ಟರೆ ರೈತನ ಖರ್ಚು-ಸಾಲದ ಲೆಕ್ಕ ಅಕಮಿನಲ್ಲೂ ಅತ್ಯಂತ ಒಳಗಿನದು: ಒಲೆಯ ಮುಂದೆ ಗಂಡ-ಹೆಂಡತಿಯ ನಡುವೆ ತಗ್ಗಿದ ದನಿಯಲ್ಲಿ ನಡೆಯುವ ಮಾತು. ಮೊಬೈಲ್ ಕಥನ ಅದನ್ನು ಒಮ್ಮೆಗೇ ಪುರಕ್ಕೆ ತಂದಿದೆ, ಊರು-ಸರ್ವೆ ನಂಬರು ಸಮೇತ. ಆದರೆ ಒಲೆಯ ಮುಂದಿನ ಆ ಮಾತಿನಲ್ಲಿ ಅರ್ಧದಷ್ಟು ಹೆಣ್ಣಿನದಾಗಿತ್ತು ಎಂಬುದು ಮುಂದಿನ ವಿವೇಚನೆಗೆ ಮುಖ್ಯ.

ಈ ಕಥನಗಳ ಭಾಷೆಯಲ್ಲಿ ಎರಡು ಪದರಗಳು ಕಾಣುತ್ತವೆ. ‘ರೈತ ಬಾಂಧವರೇ’ ಎಂದು ಆರಂಭವಾಗುವುದು ಒಂದು. ಅದು ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳಿಂದ ಬಳುವಳಿಯಾಗಿ ಬಂದ ಭಾಷೆ. ಇಲಾಖೆಯ ವಾಸನೆ ಅದಕ್ಕೆ ಇನ್ನೂ ಇದೆ. ‘ನೋಡ್ರಿ’ ಎಂದು ಆರಂಭವಾಗುವುದು ಇನ್ನೊಂದು. ಇಲ್ಲಿ ಕ್ರಿಯಾಪದವೇ ಸಾಕ್ಷ್ಯದ ಆಹ್ವಾನ. ಹೇಳುವವನು ನಂಬಿ ಎನ್ನುವುದಿಲ್ಲ, ನೋಡಿ ಎನ್ನುತ್ತಾನೆ; ಜಲ್ಲೆಯನ್ನು ಮುರಿದು ತೋರಿಸುತ್ತಾನೆ, ಚೀಟಿಯನ್ನು ಕಣ್ಣಿಗೆ ಹಿಡಿಯುತ್ತಾನೆ. ಗಡಿಯ ಈ ಭಾಷೆಯಲ್ಲಿ ಕಾಟಾ, ಟೋಳಿ, ಮುಕಾದಮ ಇವೆಲ್ಲ ಕನ್ನಡದ ಮಾತುಗಳೇ. ಒಂದೇ ವಿಡಿಯೊದಲ್ಲಿ ಕನ್ನಡದಿಂದ ಮರಾಠಿಗೆ ಹೊರಳಿ ಮರಳುವವರಿಗೆ ಗಡಿವಿವಾದದ ಎರಡೂ ಪಕ್ಷಗಳ ಭಾಷಣಗಳಿಗಿಂತ ಕೊಲ್ಹಾಪುರದ ಕಾರ್ಖಾನೆ ಈ ವರ್ಷ ಎಷ್ಟು ಕೊಡುತ್ತದೆ ಎಂಬುದು ಮುಖ್ಯ. ಎರಡು ರಾಜ್ಯಗಳ ದರವನ್ನು ಹೋಲಿಸುವುದು ಇಲ್ಲಿನ ಕಥನದ ಸಾಮಾನ್ಯ ತಂತ್ರ.

ಎಲ್ಲ ಮೊಬೈಲ್ ಕಥನಗಳೂ ಈ ಗುಣದವಲ್ಲ. ‘ಎಕರೆಗೆ ಇಷ್ಟು ಲಕ್ಷ’ ಎಂಬ ತಲೆಬರಹದ ವಿಡಿಯೊಗಳು ಎಷ್ಟೋ ಇವೆ. ಕನ್ನಡದ ಕೃಷಿ ಪತ್ರಿಕೋದ್ಯಮದ ‘ಯಶೋಗಾಥೆ’ ಎಂಬ ಪ್ರಕಾರದ ಕಳಪೆ ಮುಂದುವರಿಕೆ ಅವು. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಶ್ರೀಪಡ್ರೆಯವರ ನೇತೃತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಡುವ ಪ್ರಯೋಗ ಮಾಡಿದಾಗ ಅಲ್ಲಿ ಅನುಭವಕ್ಕೆ, ಪರೀಕ್ಷಿಸಿದ ವಿವರಕ್ಕೆ ಬೆಲೆಯಿತ್ತು. ಲಕ್ಷದ ವಿಡಿಯೊಗಳಲ್ಲಿ ಆ ಶಿಸ್ತು ಕಾಣುವುದಿಲ್ಲ. ಅವುಗಳ ರಚನೆ ಪವಾಡ ಕಥೆಗಳದು: ಬರಡು ನೆಲ, ನಂಬಿಕೆ ಕಳೆದುಕೊಂಡ ಮನೆಯವರು, ಒಂದು ಅಪೂರ್ವ ದ್ರಾವಣ, ಆಮೇಲೆ ಬಂಗಾರ. ದ್ರಾವಣದ ಬಾಟಲಿಯ ಮೇಲಿನ ಹೆಸರು ಮಾತ್ರ ತಪ್ಪದೆ ಸ್ಪಷ್ಟವಾಗಿ ಕಾಣುತ್ತದೆ. ಜಾನಪದ ವಿದ್ವಾಂಸರು ಇವನ್ನೂ ಸಂಗ್ರಹಿಸಬೇಕು, ಆದರೆ ಉತ್ಪಾದನೆಯ ವಾಸ್ತವ ಎಂಬ ಶೀರ್ಷಿಕೆಯ ಕೆಳಗೆ ಅಲ್ಲ.

ಹೊರಗಿನ ನಿದರ್ಶನವೊಂದು ಇಲ್ಲಿ ಉಪಯುಕ್ತ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಪೀಟರ್ಸನ್ ಸಹೋದರರು 2012ರಲ್ಲಿ ಜನಪ್ರಿಯ ಹಾಡೊಂದರ ಧಾಟಿಗೆ ತಮ್ಮ ಒಕ್ಕಲುತನದ ಅಣಕು ಹಾಡು ಕಟ್ಟಿ ಯೂಟ್ಯೂಬಿನಲ್ಲಿ ಹಾಕಿ ಪ್ರಸಿದ್ಧರಾದರು. ಹಳೆಯ ಮಟ್ಟಿಗೆ ಹೊಸ ಸಾಹಿತ್ಯ ಕಟ್ಟುವುದು ನಮ್ಮ ಗೀಗಿಯವರಿಗೂ ಡೊಳ್ಳಿನವರಿಗೂ ಹೊಸದಲ್ಲ. ವ್ಯತ್ಯಾಸವಿರುವುದು ಶ್ರೋತೃವಿನಲ್ಲಿ. ಅಲ್ಲಿ ಒಕ್ಕಲುತನ ಮಾಡುವವರು ಜನಸಂಖ್ಯೆಯ ತೀರ ಸಣ್ಣ ಪಾಲು. ಅವರು ಮಾತನಾಡುವುದು ಹೊಲವನ್ನೇ ಕಾಣದ ಗ್ರಾಹಕನಿಗೆ. ಚಿಕ್ಕೋಡಿಯ ರೈತ ಮಾತನಾಡುವುದು ಮುಖ್ಯವಾಗಿ ಇನ್ನೊಬ್ಬ ರೈತನಿಗೆ, ಅವನ ಹೆಗಲ ಮೇಲಿಂದ ಕಾರ್ಖಾನೆಗೆ ಮತ್ತು ಸರ್ಕಾರಕ್ಕೆ. ಸಕ್ಕರೆ ತಿನ್ನುವವನು ಈ ಸಂವಾದದಲ್ಲಿ ಇಲ್ಲವೇ ಇಲ್ಲ. ನಗರದ ಗ್ರಾಹಕನಿಗೆ ಹಳ್ಳಿಯನ್ನು ತೋರಿಸುವ ವಾಹಿನಿಗಳು ನಮ್ಮಲ್ಲೂ ಇವೆ. 2018ರಲ್ಲಿ ಆರಂಭವಾದ ತಮಿಳಿನ ‘ವಿಲೇಜ್ ಕುಕಿಂಗ್ ಚಾನೆಲ್’ ಅವುಗಳಲ್ಲಿ ಬಹು ಪ್ರಸಿದ್ಧವಾದುದು. ಅಲ್ಲಿ ಆಹಾರವಿದೆ, ಹೊಲದ ಹಸಿರಿದೆ, ಸಮೃದ್ಧಿಯ ಹಳೆಯ ಭಾಷೆಯಿದೆ. ಉತ್ಪಾದನೆಯ ವೆಚ್ಚ ಅಲ್ಲಿನ ವಸ್ತುವಲ್ಲ.

ರೈತನ ವಿಡಿಯೊ ಸರ್ಕಾರದ ಕಿವಿಗೆ ಬಿದ್ದ ಪ್ರಸಿದ್ಧ ಪ್ರಸಂಗ ಚಿತ್ರದುರ್ಗ ಜಿಲ್ಲೆಯದು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಹಿರಿಯೂರು ತಾಲ್ಲೂಕಿನ ರೈತ ಮಹಿಳೆಯೊಬ್ಬರು ಮಾರಾಟವಾಗದ ಈರುಳ್ಳಿಯ ನಡುವೆ ನಿಂತು ತಮ್ಮ ಕಷ್ಟವನ್ನು ಹೇಳಿಕೊಂಡ ವಿಡಿಯೊ ಹರಿದಾಡಿತು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರೇ ಅವರಿಗೆ ದೂರವಾಣಿ ಮಾಡಿ ಮಾತನಾಡಿದರು. ಪತ್ರಿಕೆಗಳು ಇದನ್ನು ಜಾಲತಾಣದ ಶಕ್ತಿಯೆಂದು ಕೊಂಡಾಡಿದವು. ಜಾನಪದದವರಿಗೆ ಇಲ್ಲಿ ಹಳೆಯ ಆಶಯವೊಂದು ನೆನಪಾಗಬೇಕು: ಅರಮನೆಯ ಬಾಗಿಲಿಗೆ ಕಟ್ಟಿದ ನ್ಯಾಯದ ಗಂಟೆ. ಹಸುವೊಂದು ಬಂದು ಗಂಟೆ ಎಳೆಯುತ್ತದೆ, ರಾಜ ಓಗೊಡುತ್ತಾನೆ, ಹಾಡು ಕಟ್ಟಲಾಗುತ್ತದೆ. ಆ ಕಥೆ ರಾಜನ ಕೀರ್ತಿಯ ಕಥೆ. ಎಳೆಯಲಾರದೆ ಉಳಿದ ಹಸುಗಳ ಲೆಕ್ಕ ಅದರಲ್ಲಿಲ್ಲ. ಒಂದು ವಿಡಿಯೊ ಒಂದು ಕರೆಯನ್ನು ತರಬಲ್ಲದು. ಈರುಳ್ಳಿಯ ದರದ ವ್ಯವಸ್ಥೆ ಹಾಗೆಯೇ ಉಳಿಯುತ್ತದೆ.

ಅದಕ್ಕಿಂತ ಗಟ್ಟಿಯಾದದ್ದು ನಡೆದದ್ದು ಬೆಳಗಾವಿ ಜಿಲ್ಲೆಯಲ್ಲಿ. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ಧರಣಿ ಕುಳಿತರು. ಧರಣಿಯ ದೃಶ್ಯಗಳು ಮೊಬೈಲುಗಳಲ್ಲಿ ಹರಿದಾಡಿ ಹೋರಾಟ ನೆರೆಯ ಜಿಲ್ಲೆಗಳಿಗೂ ಹಬ್ಬಿತು. ನವೆಂಬರ್ 7ರಂದು ಸರ್ಕಾರ 3,300 ರೂಪಾಯಿಯ ನಿರ್ಧಾರ ಪ್ರಕಟಿಸಿತು. ಜನ ಅಲ್ಲಿ ಬಂದು ಕುಳಿತಿದ್ದರು ಎಂಬುದು ಮುಖ್ಯ. ವರ್ಷಗಟ್ಟಲೆ ಚೀಟಿಗಳನ್ನು ಹೋಲಿಸಿ ಹಂಚುತ್ತ ಬಂದುದರಿಂದ ಎಲ್ಲರ ಬಾಯಲ್ಲಿಯೂ ಒಂದೇ ಲೆಕ್ಕ ಸಿದ್ಧವಾಗಿತ್ತೆಂಬುದೂ ಅಷ್ಟೇ ಮುಖ್ಯ.

ಇಷ್ಟನ್ನು ಮೆಚ್ಚಿದ ಮೇಲೆ ಈ ಕಥನಗಳ ಕೊರತೆಯನ್ನೂ ಹೇಳಬೇಕಾಗುತ್ತದೆ. ಇವುಗಳ ಕರ್ತೃಪದ ಏಕವಚನದ್ದು: ‘ನಾನು ಬೆಳೆದೆ’. ಹನ್ನೆರಡರಿಂದ ಹದಿನೆಂಟು ತಿಂಗಳ ಬೆಳೆಯಲ್ಲಿ ಬೀಜದ ತುಂಡು ಊರಿದವರು, ಕಳೆ ತೆಗೆದವರು, ಸೋಗೆ ಸುಲಿದವರು ಬಹುಪಾಲು ಹೆಂಗಸರು. ವಿಡಿಯೊದ ಅಂಚಿನಲ್ಲಿ ಬಾಗಿದ ಬೆನ್ನುಗಳಾಗಿ ಕಂಡರೆ ಕಂಡರು. ಕಡಿಯುವವರ ವಿಷಯವಂತೂ ಇನ್ನೂ ತೀಕ್ಷ್ಣ. ಬೀಡ ಮೊದಲಾದ ಮರಾಠವಾಡಾ ಜಿಲ್ಲೆಗಳಿಂದ ಬರುವ ಟೋಳಿಗಳಲ್ಲಿ ಗಂಡ-ಹೆಂಡತಿ ಸೇರಿ ಎಣಿಕೆಗೆ ಒಂದೇ ‘ಕೋಯ್ತಾ’, ಅಂದರೆ ಒಂದು ಕುಡುಗೋಲು. ಇಬ್ಬರ ದುಡಿಮೆಗೆ ಒಂದು ಲೆಕ್ಕ, ಮುಕಾದಮನಿಂದ ಪಡೆದ ಒಂದು ಮುಂಗಡ. ಆ ಹೆಂಗಸರಲ್ಲಿ ಅನೇಕರು ಗರ್ಭಕೋಶ ತೆಗೆಸಿಕೊಂಡ ಸಂಗತಿ 2019ರಲ್ಲಿ ದೇಶದ ಗಮನಕ್ಕೆ ಬಂದಿತು. ರೈತನ ವಿಡಿಯೊದಲ್ಲಿ ಟೋಳಿ ಕಾಣಿಸಿಕೊಳ್ಳುವುದು ಖರ್ಚಿನ ಒಂದು ಬಾಬತ್ತಾಗಿ, ಹೆಚ್ಚೆಂದರೆ ದೂರಾಗಿ. ಕಾರ್ಖಾನೆಯ ಕಾಟಾದ ಮುಂದೆ ತನ್ನ ದುಡಿಮೆಯನ್ನು ಎಣಿಸಿರೆಂದು ಕೇಳುವ ರೈತ ತನ್ನ ಹೊಲದಲ್ಲಿ ಇಬ್ಬರನ್ನು ಒಂದೆಂದು ಎಣಿಸುವುದನ್ನು ಗಮನಿಸುವುದಿಲ್ಲ.

ಈ ಸೀಮೆಯಲ್ಲಿಯೇ ಇದಕ್ಕೊಂದು ಪೂರ್ವಚರಿತ್ರೆಯಿದೆ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನಾಯಕತ್ವದಲ್ಲಿ ದರಕ್ಕಾಗಿ ಪುಣೆ–ಬೆಂಗಳೂರು ಹೆದ್ದಾರಿಯನ್ನು ಹಿಡಿದು ಕುಳಿತರು; ಗೋಲಿಬಾರಿನಲ್ಲಿ ರೈತರು ಸತ್ತರು. ಅದೇ ತಂಬಾಕಿನ ಕಾರ್ಖಾನೆಗಳಲ್ಲಿ ಹೊಗೆಪುಡಿಯ ನಡುವೆ ದುಡಿಯುತ್ತಿದ್ದ ಹೆಂಗಸರು ಆ ಹೊತ್ತಿಗಾಗಲೇ ಕೂಲಿಗಾಗಿ ಸಂಘಟಿತರಾಗುತ್ತಿದ್ದರು. ದೀಪಾ ಧನರಾಜ್ ಮತ್ತು ಸಂಗಡಿಗರ ‘ಯುಗಾಂತರ್’ ಬಳಗ ಆ ಹೆಂಗಸರೊಡನೆ ಕೂಡಿ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರ ಮಾಡಿತು. ಕ್ಯಾಮೆರಾ ಹೊರಗಿನವರದಾದರೂ ತಮ್ಮ ದುಡಿಮೆಯನ್ನೂ ಹೋರಾಟವನ್ನೂ ಹೇಗೆ ತೋರಿಸಬೇಕೆಂಬುದರಲ್ಲಿ ಆ ಹೆಂಗಸರ ಪಾಲಿತ್ತು. ಕ್ಯಾಮೆರಾ ರೈತನ ಕೈಗೇ ಬಂದ ಈ ಕಾಲದಲ್ಲಿ ಉತ್ಪಾದನೆಯ ಚಿತ್ರ ಆ ಚಿತ್ರಕ್ಕಿಂತ ವಿಶಾಲವಾಗಬೇಕಿತ್ತು. ಹಾಗಾಗಿಲ್ಲ. ಹಿರಿಯೂರಿನ ಹೆಣ್ಣುಮಗಳ ದನಿ ಅಷ್ಟು ದೂರ ಕೇಳಿಸಿದ್ದಕ್ಕೆ ಅಂಥ ದನಿಗಳು ವಿರಳವೆಂಬುದೂ ಒಂದು ಕಾರಣವಿರಬೇಕು.

ದೂರುವ ಮೊದಲು ಜಾನಪದ ಅಧ್ಯಯನ ತನ್ನ ಕಡತಗಳನ್ನೂ ತೆರೆದು ನೋಡಿಕೊಳ್ಳಬೇಕು. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಕನ್ನಡಕ್ಕೆ ಆ ಸಂಕಲನ ಮಾಡಿದ ಉಪಕಾರ ಅಳತೆಗೆ ಮೀರಿದ್ದು. ಆದರೂ ಓದುಗರಿಗೆ ಪರಿಚಿತವಾದವು ಸಂಗ್ರಾಹಕರ ಹೆಸರುಗಳು. ಹಾಡಿದ ಹೆಂಗಸರು ‘ಗರತಿ’ ಎಂಬ ಒಂದೇ ಪದದಲ್ಲಿ ಅಡಗಿಹೋದರು. ಆಮೇಲಿನ ಎಷ್ಟೋ ಸಂಗ್ರಹಗಳು ಅದೇ ಹಾದಿ ಹಿಡಿದವು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗುತ್ತ ವಿಡಿಯೊ ತನ್ನ ಮೊದಲ ಹೇಳಿಕೆಗಾರನ ಹೆಸರು, ಊರು, ದಿನಾಂಕಗಳನ್ನು ಕಳೆದುಕೊಳ್ಳುತ್ತದೆ; ತಲೆ-ಬಾಲ ಕತ್ತರಿಸಿಕೊಂಡು ಬೇರೆ ವರ್ಷದ ನೆರೆಗೆ, ಬೇರೆ ಜಿಲ್ಲೆಯ ಹೊಲಕ್ಕೆ ಅಂಟಿಕೊಳ್ಳುತ್ತದೆ. ಇದು ಪಾಠಾಂತರದ ಸಹಜ ಕ್ರಿಯೆಯೆಂದು ವಿದ್ವಾಂಸ ಸಂತೋಷಪಡಬಹುದು. ಹೇಳಿದ ರೈತನಿಗೆ ಮಾತ್ರ ಅದು ಚೀಟಿ ಕಳೆದಂತೆ.

ನಷ್ಟ ಇನ್ನೂ ದೊಡ್ಡದಾಗಿಯೂ ಆಗಬಲ್ಲದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿದಾಗ ಹಳ್ಳಿಗಳ ಅಗಣಿತ ಹಾಡು, ಕುಣಿತ, ಹೊಲದ ದೃಶ್ಯಗಳು ಒಮ್ಮೆಗೇ ಕಣ್ಮರೆಯಾದವು. ನಿಷೇಧದ ಸರಿತಪ್ಪು ಬೇರೆ ಚರ್ಚೆ. ಹಂತಿಯ ಹಾಡು ರಾಶಿಯ ಯಂತ್ರ ಬಂದ ಮೇಲೆ ಒಂದು ತಲೆಮಾರಿನ ಅವಧಿಯಲ್ಲಿ ಕ್ಷೀಣಿಸಿತು. ಟೇಪ್ ರೆಕಾರ್ಡರ್ ಹಿಡಿದು ಓಡಾಡಿದವರಿಗೆ ಅಷ್ಟಾದರೂ ಸಮಯ ಸಿಕ್ಕಿತು. ಈ ಕಥನಗಳಿಗೆ ಆ ಅವಧಿಯೂ ಇಲ್ಲ. ನಿಪ್ಪಾಣಿಯ ಚಿತ್ರವನ್ನು ಇಂದಿಗೂ ನೋಡಲು ಸಾಧ್ಯವಾಗಿರುವುದಕ್ಕೆ ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಯುಗಾಂತರದ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದದ್ದು ಕಾರಣ. ನಾಡಿನ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ರೈತರ ಒಪ್ಪಿಗೆ ಪಡೆದು, ಹೆಸರು-ದಿನಾಂಕ-ಚೀಟಿಗಳ ಸಮೇತ ಇವನ್ನು ಕಾಪಿಡುವ ಕೆಲಸವನ್ನು ತಮ್ಮದೆಂದು ಇನ್ನೂ ಭಾವಿಸಬೇಕಾಗಿದೆ.

ಆ ಕೆಲಸ ಕೈಗೊಂಡವರು ಹೊಲದ ಮಾಲೀಕನ ವಿಡಿಯೊಗೆ ನಿಲ್ಲುವಂತಿಲ್ಲ. ಹಂಗಾಮಿನಲ್ಲಿ ಊರ ಹೊರಗೆ ಬಿಡಾರ ಹೂಡುವ ಟೋಳಿಗಳಲ್ಲಿಯೂ ಈಗ ಮೊಬೈಲ್ ಇದೆ. ಅವರು ಚಿತ್ರಿಸುವುದು ಅದೇ ಕಬ್ಬನ್ನು, ಕಳುಹಿಸುವುದು ಬೀಡಿನ ತಮ್ಮ ಹಳ್ಳಿಗೆ, ಮಾತು ಮರಾಠಿಯಲ್ಲಿ ಅಥವಾ ಬಂಜಾರರ ಗೋರಬೋಲಿಯಲ್ಲಿ. ಹೊಲದ ರೈತ ಅದನ್ನು ನೋಡಿರುವುದಿಲ್ಲ, ಏಕೆಂದರೆ ಇಬ್ಬರೂ ಒಂದೇ ಗುಂಪಿನಲ್ಲಿಲ್ಲ. ಕನ್ನಡ ಮಾತ್ರ ಬಲ್ಲ ಸಂಗ್ರಾಹಕನಿಗೂ ಅದು ಕೇಳಿಸಲಾರದು.